ಸುಣ್ಣದ ಗುಡ್ಡದ ಹೂಗಳ್ಳಿ

ಬೆಳಗಿನ ವಾಕಿಂಗಿಗೆ ಹೊರಟರೆ ನನ್ನ ಕೈಗೆ ತಾನಾಗಿಯೇ ಒಂದು ಪ್ಲಾಸ್ಟಿಕ್ ಕವರ್ ಬಂದುಬಿಡುತ್ತದೆ. ಹಾಲಿಗಲ್ಲ, ತರಕಾರಿಗಲ್ಲ, ಹೂವಿಗೆ. ನೀವು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಾದರೆ ಇದನ್ನು ವಿವರಿಸಬೇಕಾಗಿಲ್ಲ. ನೀವೂ ಕಿತ್ತವರೇ, ಇಲ್ಲವೇ ಕಿತ್ತವರನ್ನು ಬೈದವರು. ಕಾಂಪೌಂಡಿನಿಂದ ಆಚೆ ಬಾಗಿದ ಹೂವು ಬೀದಿಯದು, ಬೀದಿಯ ಹೂವು ದೇವರದು, ಅದನ್ನು ದೇವರಿಗೆ ತಲುಪಿಸುವ ಕೂಲಿಗಳಷ್ಟೇ ನಾವು. ಈ ಕಾನೂನನ್ನು ಯಾರು ಬರೆದರೋ ಕಾಣೆ, ನಮ್ಮ ಮನೆಯಲ್ಲಂತೂ ಮೂರು ತಲೆಮಾರಿನಿಂದ ಚಾಚೂತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ.

ನಮ್ಮಜ್ಜಿ ಈ ವಿದ್ಯೆಯಲ್ಲಿ ಎತ್ತಿದ ಕೈ. ಎದುರುಮನೆ ಶಾರದಮ್ಮನವರ ನಂದಿಬಟ್ಟಲಿನ ಮೇಲೆ ಅವಳಿಗೆ ಕಣ್ಣು. ಶಾರದಮ್ಮನವರು ಬೇಸತ್ತು ಗಿಡದ ಬುಡದಲ್ಲಿ ನಾಯಿ ಕಟ್ಟಿದರು. ಅಜ್ಜಿ ಒಂದು ವಾರ ದಿನಕ್ಕೊಂದು ರಸ್ಕ್ ಹಾಕಿ ನಾಯಿಯನ್ನು ಒಲಿಸಿಕೊಂಡಳು. ಆಮೇಲೆ ಆ ನಾಯಿ ಬೊಗಳುತ್ತಿದ್ದದ್ದು ಶಾರದಮ್ಮನವರು ಹೂ ಕೀಳಲು ಬಂದಾಗ ಮಾತ್ರ. ಒಂದು ದಿನ ಕೈಯಲ್ಲಿ ದೋಟಿ ಇದ್ದಂತೆಯೇ ಸಿಕ್ಕಿಬಿದ್ದಾಗಲೂ ಅಜ್ಜಿಗೆ ಅಳುಕಿಲ್ಲ. “ದೇವರಿಗೆ ಕಣ್ರೀ, ನನಗಲ್ಲ” ಅಂದು ಇನ್ನೂ ಎರಡು ಕಿತ್ತುಕೊಂಡು ಬಂದಳು. ಆ ಹಠವೂ ಆ ಕವರೂ ನನಗೆ ಬಳುವಳಿಯಾಗಿ ಬಂದವು.

ಈ ಚಟ ನನ್ನನ್ನು ಒಮ್ಮೆ ಸ್ವೀಡನ್ನಿನ ಸೈನ್ಯದ ಕೈಗೆ ಸಿಕ್ಕಿಸಿತು. ಸೈನ್ಯವೆಂದರೆ ಒಬ್ಬರೇ, ಅದೂ ನಿವೃತ್ತರು. ಆದರೂ ಸೈನ್ಯ ಸೈನ್ಯವೇ.

ಆಗ ಈ ಶತಮಾನಕ್ಕೆ ಇನ್ನೂ ಹಾಲುಹಲ್ಲು. ನನ್ನ ಗಂಡ ಪ್ರಸನ್ನನನ್ನು ಕಂಪನಿಯವರು ಒಂದು ಟೆಲಿಕಾಂ ಪ್ರಾಜೆಕ್ಟಿನ ಮೇಲೆ ಅಲ್ಲಿಗೆ ಕಳಿಸಿದ್ದರು. ಬಂದ ಕನ್ನಡದವರೆಲ್ಲ ಗೋಥೆನ್‌ಬರ್ಗಿನಲ್ಲಿ ಟ್ರಾಮು ಹತ್ತಿ ಇಳಿದು ಒಬ್ಬರ ಮನೆಗೊಬ್ಬರು ಹೋಗಿಬರುತ್ತಿದ್ದರೆ, ನಮಗೆ ಮಾತ್ರ ಅಲ್ಲಿಂದ ದಕ್ಷಿಣಕ್ಕೆ ಮೂರು ಗಂಟೆ ರೈಲಿನ ದಾರಿಯ ಸಣ್ಣ ಊರೊಂದು ಗಂಟುಬಿತ್ತು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಮಿಡ್ಲ್‌ಸ್ಕೂಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನಾನು ಅಲ್ಲಿ ‘ಡಿಪೆಂಡೆಂಟ್’ ಆದೆ. ವೀಸಾ ಕಾಗದದಲ್ಲಿ ಆ ಪದ ಓದಿದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗಂಡ ಆಫೀಸಿಗೆ, ಐದು ವರ್ಷದ ಮಗಳು ಮೇಘಾ ದಾಗಿಸಿಗೆ. ದಾಗಿಸ್ ಅಂದರೆ ಅವರ ಶಿಶುವಿಹಾರ. ಎರಡು ವಾರದಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಉಜ್ಜಿ ಮುಗಿಸಿ, ಕವರ್ ಹಿಡಿದು ಹೊರಗೆ ಬಿದ್ದೆ.

ಊರು ಮುಗಿಯುವಲ್ಲಿ ಒಂದು ಬಿಳಿ ಗುಡ್ಡ. ಹಿಂದಿನ ವರ್ಷದವರೆಗೂ ಅದು ಮಿಲಿಟರಿಯವರ ತಾಲೀಮಿನ ಜಾಗವಾಗಿತ್ತಂತೆ, ಊರಿನವರಿಗೇ ಪ್ರವೇಶವಿರಲಿಲ್ಲ. ಈಗ ಬೇಲಿಯ ಗೇಟು ತೆರೆದೇ ಇತ್ತು. ಹುಲ್ಲು ಕಿತ್ತುಹೋದಲ್ಲೆಲ್ಲ ಗುಡ್ಡದ ಮೈ ಬೆಳ್ಳಗೆ ಕಾಣುತ್ತಿತ್ತು. ಒಂದು ಹೆಂಟೆ ಎತ್ತಿಕೊಂಡು, ಅಲ್ಲೇ ನೆಲದಲ್ಲಿ ಅರ್ಧ ಹೂತಿದ್ದ ಕಾಂಕ್ರೀಟ್ ಬಂಕರಿನ ಗೋಡೆಗೆ ಗೀಚಿದೆ. ಬರೆಯಿತು. ಇಡೀ ಗುಡ್ಡವೇ ಚಾಕ್‌ಪೀಸು. ಕೈ ತಡೆಯಲಿಲ್ಲ. ಅಭ್ಯಾಸಬಲದಿಂದ ಎಡಮೂಲೆಯಲ್ಲಿ ತಾರೀಖು ಬರೆದು ಬಲಮೂಲೆಯಲ್ಲಿ ‘ಹಾಜರಿ: ಒಂದು’ ಎಂದು ಬರೆದೆ. ನಗಬೇಡಿ, ಬಂದ ಮೇಲೆ ಮೊದಲ ಸಲ ನನಗೆ ಉಸಿರು ಸಲೀಸಾಗಿ ಆಡಿದ್ದು ಆಗಲೇ.

ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಎಂದು ಹಣೆಪಟ್ಟಿ ಹಚ್ಚುವುದು ನಮ್ಮ ಕನ್ನಡದ ಹಳೆಯ ರೂಢಿ. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆಕಾಯಿ. ಎಲೆಯಡಿಕೆಗೆ ಹಚ್ಚಿದರೆ ಬರೀ ಸುಣ್ಣ, ನಮ್ಮದು. ಬೋರ್ಡಿನ ಮೇಲೆ ಬರೆದರೆ ಸೀಮೆಸುಣ್ಣ, ಪರದೇಶದ್ದು. ಒಂಬತ್ತು ವರ್ಷ ಬೆರಳಿನ ಸಂದಿಯಲ್ಲಿ ಆ ಪರದೇಶಿಯನ್ನು ಸವೆಸಿದ್ದೇನೆ, ಒಂದು ದಿನವೂ ಅದರ ಊರು ಯಾವುದೆಂದು ಕೇಳಿರಲಿಲ್ಲ. ಈಗ ಅದು ತನ್ನ ಮನೆಯಲ್ಲಿ ಕಾಲು ಚಾಚಿ ಮಲಗಿತ್ತು, ಸೀಮೆಯವಳು ನಾನಾಗಿದ್ದೆ. ಆದರೆ ಆಗಲಿ ಅಂದುಕೊಂಡೆ. ಸೀಮೆಬದನೆಕಾಯಿಯನ್ನು ಈಗ ಯಾರಾದರೂ ನಮ್ಮ ಸಾಂಬಾರಿನಿಂದ ಹೊರಹಾಕುತ್ತಾರೆಯೇ?

ಜೂನ್ ತಿಂಗಳ ಒಂದು ಶುಕ್ರವಾರ. ಮೇಘಾಳ ದಾಗಿಸಿಗೆ ರಜೆ, ಅವಳನ್ನೂ ಕರೆದುಕೊಂಡು ಗುಡ್ಡಕ್ಕೆ ಹೋಗಿದ್ದೆ. ಲಕ್ಷ್ಮಿಯ ಫೋಟೋಕ್ಕೆ ಹೂವಿಲ್ಲವಲ್ಲ ಎಂದು ಹುಡುಕುತ್ತಿದ್ದವಳಿಗೆ ಇಳಿಜಾರಿನ ಹುಲ್ಲಿನ ನಡುವೆ ಗೇಣುದ್ದದ ಒಂದು ಹೂಕಡ್ಡಿ ಕಂಡಿತು. ಬಿಳಿಯ ಪುಟ್ಟ ಹೂಗಳು, ಅವುಗಳ ಮೇಲೆ ಕೆಂಪು ಚುಕ್ಕಿ. ತುದಿ ಮಾತ್ರ ಉರಿದು ಆರಿದ ಊದುಬತ್ತಿಯ ಹಾಗೆ ಕಪ್ಪು. ಕಿತ್ತೆ. ಹುಡುಕಿ ಇನ್ನೂ ಮೂರು ಕಿತ್ತೆ.

“ಮಾನ್ ಫೋರ್ ಇಂತೆ, ಮಮ್ಮ” ಎಂದಳು ಮೇಘಾ. ಹಾಗೆಲ್ಲ ಮಾಡಬಾರದು ಎಂದು ಅರ್ಥ. ಮೂರೇ ತಿಂಗಳಲ್ಲಿ ಮಗಳಿಗೆ ನನ್ನನ್ನು ಗದರುವಷ್ಟು ಸ್ವೀಡಿಷ್ ಬಂದಿತ್ತು.

“ದೇವರಿಗೆ ಕಣೇ, ನನಗಲ್ಲ” ಅಂದೆ.

ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಬಂಕರಿನ ಪಕ್ಕದಲ್ಲಿ ಎಪ್ಪತ್ತು ದಾಟಿದ ಉದ್ದನೆಯ ಮನುಷ್ಯರೊಬ್ಬರು ಕೋಲೂರಿ ನಿಂತಿದ್ದರು. ಹತ್ತಿರ ಬಂದು ಕವರಿನೊಳಗೆ ಬಗ್ಗಿ ನೋಡಿದರು. ಬೈಯಲಿಲ್ಲ. ಅಳೆದು ತೂಗಿದ ಇಂಗ್ಲಿಷಿನಲ್ಲಿ, “ಹನ್ನೊಂದು ಇದ್ದವು. ಈಗ ಏಳು” ಎಂದರು ಅಷ್ಟೆ. ಲೆಕ್ಕದ ಮೇಡಂ ಆದ ನನಗೂ ಆ ಕಳೆಯುವ ಲೆಕ್ಕದಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಇಡೀ ಗುಡ್ಡದಲ್ಲಿ ಇದ್ದದ್ದೇ ಹನ್ನೊಂದು ಗಿಡ. ಕೀಳುವುದು ಕಾನೂನಿನ ಪ್ರಕಾರ ಅಪರಾಧ. ಹೂವಿನ ಹೆಸರು ಕ್ರೂತ್‌ಬ್ರೆನ್ನರೆ, ಎಂದರೆ ಕೋವಿಮದ್ದು ಸುಡುವವ. ಇಷ್ಟನ್ನು ಹೇಳಿ, ನನ್ನ ಮನೆ ಯಾವುದೆಂದು ಕೇಳಿ, ಅವರು ಇಳಿದುಹೋದರು.

ಸಂಜೆ ಪ್ರಸನ್ನ ತಲೆ ಮೇಲೆ ಕೈಹೊತ್ತು ಕೂತ. “ಪರ್ಸನ್‌ನಂಬರ್ ಬಂದು ಇನ್ನೂ ನೆಟ್ಟಗೆ ಎರಡು ತಿಂಗಳಾಗಿಲ್ಲ ಕಣೇ, ಆಗ್ಲೇ ಲಾ ಬ್ರೇಕ್ ಮಾಡ್ಬಿಟ್ಯಲ್ಲ. ಕೊಮ್ಮೂನ್‌ನಿಂದ ಲೆಟರ್ ಬಂದ್ರೆ ನಾನೇನ್ ಎಕ್ಸ್‌ಪ್ಲೇನ್ ಮಾಡ್ಲಿ? ಲಕ್ಷ್ಮಿಗೆ ಅಂತ ಹೇಳ್ಲಾ?”

ಪರ್ಸನ್‌ನಂಬರ್ ಎಂದರೆ ಅಲ್ಲಿ ನೆಲೆಸುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ. ಕೊಮ್ಮೂನ್ ಎಂಬ ಅಲ್ಲಿನ ಪುರಸಭೆಯಿಂದ ಕಾಗದವೇನೂ ಬರಲಿಲ್ಲ. ಮರುದಿನ ಬೆಳಿಗ್ಗೆ ಆ ಹಿರಿಯರೇ ಬಾಗಿಲಿಗೆ ಬಂದರು, ಬಗಲಲ್ಲಿ ಒಂದು ಕಟ್ಟು ಬಿದಿರುಕಡ್ಡಿ. ಹೆಸರು ಬೆಂಗ್ಟ್, ಆ ಗುಡ್ಡದ ಮೇಲೆ ಇಪ್ಪತ್ತೆಂಟು ವರ್ಷ ಟ್ಯಾಂಕ್ ಓಡಿಸಿದವರು. “ಆ ನಾಲ್ಕನ್ನು ಹುಡುಕೋಕೆ ನನಗೆ ಒಂದು ವಾರ ಹಿಡಿದಿತ್ತು. ನಿನಗೆ ಹತ್ತು ನಿಮಿಷ. ನನ್ನ ಕಣ್ಣು ಮಂಜಾಗಿದೆ. ಬಾ, ಎಣಿಸು” ಎಂದರು. ಹೆಸರು ಕೇಳಿದರು, ಸುಮಾ ಅಂದೆ. ಅವರು ಮೊದಲ ಸಲ ನಕ್ಕರು. ಅವರ ಭಾಷೆಯಲ್ಲಿ ಸುಮ್ಮಾ ಎಂದರೆ ಒಟ್ಟು ಮೊತ್ತ. ನನ್ನ ಭಾಷೆಯಲ್ಲಿ ಹೂವು ಎಂದು ನಾನು ಹೇಳಿದೆ. ಹೂವಿನ ಮೊತ್ತ ಹಾಕಲು ಅದಕ್ಕಿಂತ ಬೇರೆ ಅರ್ಹತೆ ಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಹೀಗೆ ಕಳ್ಳಿ ಕಾವಲುಗಾರ್ತಿಯಾದಳು. ಹನ್ನೊಂದು ಕಡ್ಡಿ ನೆಟ್ಟೆವು, ನಾನು ಕಿತ್ತ ನಾಲ್ಕರ ಜಾಗದಲ್ಲೂ ಒಂದೊಂದು. ಮೇಲಿನ ಹೂಕಡ್ಡಿ ಕಿತ್ತರೂ ಮಣ್ಣಿನೊಳಗಿನ ಗೆಡ್ಡೆ ಬದುಕಿರಬಹುದು, ಬದುಕಿಲ್ಲದೆಯೂ ಇರಬಹುದು ಎಂದರು ಬೆಂಗ್ಟ್. ಹುಲ್ಲಿನಡಿ ವರ್ಷಗಟ್ಟಲೆ ಮಲಗಿರುವ ಗೆಡ್ಡೆಗಳೂ ಇರುತ್ತವಂತೆ, ನೆಲ ತೆರವಾದರೆ ಎದ್ದು ಹೂ ಬಿಡುತ್ತವಂತೆ. ಆ ಬೇಸಿಗೆ ಅವರ ಹಿಂದೆ ಅಲೆದು ಹಲ್ಲಿ, ನೀಲಿ ಚಿಟ್ಟೆ, ಕಪ್ಪೆಗಳನ್ನೂ ಎಣಿಸಿದೆ. ಸ್ವೀಡಿಷಿನಲ್ಲಿ ಎಪ್ಪತ್ತು ವರ್ಷದವರನ್ನೂ ‘ನೀನು’ ಎಂದೇ ಕರೆಯಬೇಕು. ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಮಾತ್ರ ಪ್ರತಿ ಸಲವೂ ‘ನೀವು’ ಎಂದು ತಿದ್ದಿಕೊಂಡೆ.

ಗುಡ್ಡದ ಕತೆಯನ್ನು ಅವರು ಕಂತುಕಂತಾಗಿ ಹೇಳಿದರು. ಮೊದಲು ರಾಜನ ಕುದುರೆಪಡೆ ಅಲ್ಲಿ ಕಸರತ್ತು ಮಾಡುತ್ತಿತ್ತು. ಆಮೇಲೆ ಯೂರೋಪೆಲ್ಲ ಹೊತ್ತಿ ಉರಿದ ಮಹಾಯುದ್ಧ. ಸ್ವೀಡನ್ ಅದರಿಂದ ದೂರವೇ ಉಳಿಯಿತು, ಆದರೂ ಭಯ ದೂರವಿರಬೇಕಲ್ಲ. ಸುಣ್ಣ ಅಗೆದು ಕಂದಕ ತೋಡಿದರು, ಬಂಕರ್ ಕಟ್ಟಿದರು. ಬೆಂಗ್ಟರ ಅಪ್ಪ ನಾಲ್ಕು ಚಳಿಗಾಲ ಆ ಕಂದಕದಲ್ಲಿ ಕೋವಿ ಹಿಡಿದು ನಿಂತಿದ್ದರು. ಶತ್ರು ಬರಲಿಲ್ಲ. ಆಮೇಲೆ ಬೇರೆ ದಿಕ್ಕಿನ ಶತ್ರುವಿಗಾಗಿ ಟ್ಯಾಂಕುಗಳು ಬಂದವು. ಬೆಂಗ್ಟ್ ಓಡಿಸಿದರು, ಆ ಶತ್ರುವೂ ಬರಲಿಲ್ಲ. ಕೊನೆಗೆ ಸರ್ಕಾರವೇ, ಬಾರದವರಿಗಾಗಿ ಇಷ್ಟೊಂದು ಜನ ಏಕೆಂದು ರೆಜಿಮೆಂಟನ್ನು ಮುಚ್ಚಿತು.

“ಹಾಗಾದ್ರೆ ಇಷ್ಟು ವರ್ಷ ನೀವೆಲ್ಲ ಮಾಡಿದ್ದೇನು?” ಅಂದೆ. ಹೋಂವರ್ಕ್ ಮಾಡದ ಹುಡುಗನನ್ನು ಕೇಳುವ ದನಿ ನನಗೆ ಗೊತ್ತಿಲ್ಲದೆಯೇ ಬಂದುಬಿಟ್ಟಿತ್ತು.

ಬೆಂಗ್ಟ್ ಬೇಸರಪಡಲಿಲ್ಲ. ಟ್ಯಾಂಕಿನ ಜಾಡಿನಲ್ಲಿ ನೀರು ನಿಂತ ಒಂದು ಹೊಂಡಕ್ಕೆ ಕೋಲು ತೋರಿಸಿದರು. ಅದರ ತುಂಬ ಗೊದಮೊಟ್ಟೆಗಳು. “ಇದನ್ನು ಮಾಡಿದ್ವಿ” ಎಂದರು. ಸುತ್ತಮುತ್ತ ಎಲ್ಲ ಕಡೆ ನೆಲ ಉತ್ತರು, ಗೊಬ್ಬರ ಹಾಕಿದರು, ಮನೆ ಕಟ್ಟಿದರು. ಗುಡ್ಡಕ್ಕೆ ಮಾತ್ರ ಯಾರೂ ಕೈ ಹಾಕುವ ಹಾಗಿರಲಿಲ್ಲ, ಫಿರಂಗಿಯ ಭಯ. ಒಳಗೆ ಟ್ಯಾಂಕುಗಳು ಹುಲ್ಲಿನ ಚರ್ಮ ಸುಲಿದು ಸುಲಿದು ಬಿಳಿ ಮಣ್ಣನ್ನು ಮೇಲೆ ಹಾಕಿದವು. ಸೊಕ್ಕಿದ ಹುಲ್ಲಿನ ಜೊತೆ ಗುದ್ದಾಡಲಾರದ ಬಡಪಾಯಿ ಗಿಡಗಳಿಗೆಲ್ಲ ಆ ಗಾಯಗಳೇ ಮನೆಯಾದವು. ಈಗ ಟ್ಯಾಂಕಿಲ್ಲ. ಒಂದೇ ವರ್ಷಕ್ಕೆ ಹುಲ್ಲು ಮೊಣಕಾಲಿಗೆ ಬಂದಿದೆ, ಮುಳ್ಳುಪೊದೆ ಏರುತ್ತಿದೆ. ಹೀಗೇ ಬಿಟ್ಟರೆ ಐದು ವರ್ಷದಲ್ಲಿ ಹೂವೂ ಇಲ್ಲ, ಚಿಟ್ಟೆಯೂ ಇಲ್ಲ.

ಐದು ವರ್ಷವೂ ಕಾಯಬೇಕಾಗಲಿಲ್ಲ. ಸೆಪ್ಟೆಂಬರಿನಲ್ಲಿ ಕೊಮ್ಮೂನಿನವರು ಊರಿನ ಶಾಲೆಯಲ್ಲಿ ಸಭೆ ಕರೆದರು. ಅಲ್ಲಿ ಫೀಕಾ ಎಂಬ ಕಾಫಿ-ತಿಂಡಿ ಇಲ್ಲದೆ ಜಗಳವನ್ನೂ ಆಡುವುದಿಲ್ಲ, ಕಾಫಿ ಮತ್ತು ದಾಲ್ಚಿನ್ನಿ ಬನ್ನು ಕೈಗೆ ಬಂದ ಮೇಲೆ ಅನ್ನಿಕಾ ಎಂಬ ಅಧಿಕಾರಿಣಿ ಬಣ್ಣದ ನಕ್ಷೆ ತೋರಿಸಿದಳು. ಒಳ್ಳೆಯ ಹುಡುಗಿ, ಮೃದುವಾದ ಮಾತು. ಯುದ್ಧದ ತಾಲೀಮಿನಿಂದ ಗಾಯಗೊಂಡ ಗುಡ್ಡವನ್ನು ವಾಸಿ ಮಾಡುತ್ತೇವೆ ಎಂದಳು. ಕಂದಕ, ಜಾಡುಗಳನ್ನೆಲ್ಲ ಲಾರಿಯಲ್ಲಿ ಕಪ್ಪು ಮಣ್ಣು ತಂದು ಮುಚ್ಚುವುದು, ಮೇಲೆ ಲಾನು, ಸಾಲುಮರ, ಬೆಂಚು. ಹೆಸರು ಶಾಂತಿವನ. ಆ ಅಪರೂಪದ ಹೂವಿಗೆ ಕೋಣೆಯಷ್ಟಗಲ ಬೇಲಿ ಹಾಕಿ ಬಿಡುತ್ತಾರಂತೆ. ಜನ ತಲೆದೂಗಿದರು. ಶಾಂತಿ ಬೇಡವೆಂದು ಯಾರು ಹೇಳುತ್ತಾರೆ?

ಬೆಂಗ್ಟ್ ಎದ್ದು ಹೇಳಿದ್ದನ್ನು ಹಳೆಯ ಸೈನಿಕನ ಹಳಹಳಿಕೆ ಎಂದು ಎಲ್ಲರೂ ಗೌರವದಿಂದ ಕೇಳಿ ಬದಿಗಿಟ್ಟರು. ನನಗೆ ಮೈ ಉರಿಯಿತು. ಎದ್ದುನಿಂತೆ. ಆರು ತಿಂಗಳ ಸ್ವೀಡಿಷಿನಲ್ಲಿ, ಬೇಲಿ ಹಾಕಿದರೆ ಹೂವು ಸಾಯುತ್ತೆ, ಅದಕ್ಕೆ ತುಳಿತ ಬೇಕು ಎಂದು ಶುರು ಮಾಡುವಷ್ಟರಲ್ಲಿ ಮುಂದಿನ ಸಾಲಿನ ಹಸಿರು ಜಾಕೆಟ್ಟಿನವರೊಬ್ಬರು ತಿರುಗಿ, ಬಹಳ ಸಭ್ಯವಾಗಿ ಕೇಳಿದರು, “ಕ್ಷಮಿಸಿ, ನೀವು ಈ ಊರಲ್ಲಿ ಇನ್ನೆಷ್ಟು ದಿನ ಇರ್ತೀರಿ?”

ವ್ಯಾಕರಣ ಕೈಕೊಟ್ಟಿತು, ಸಿಟ್ಟು ಕೈಕೊಡಲಿಲ್ಲ. “ನಾನೆಷ್ಟು ದಿನ ಇರ್ತೀನಿ ಅನ್ನೋದು ವೀಸಾ ಕೊಡೋರಿಗೆ ಗೊತ್ತು. ಗುಡ್ಡ ಎಷ್ಟು ದಿನ ಇರುತ್ತೆ ಅನ್ನೋದು ನಿಮ್ಮ ಕೈಲಿದೆ. ನಾನು ಜೂನಿನಲ್ಲಿ ನಾಲ್ಕು ಹೂವು ಕಿತ್ತೆ. ತಪ್ಪು ಮಾಡಿದೆ, ಎಲ್ಲರೆದುರಿಗೆ ಒಪ್ಕೊಳ್ತೀನಿ. ನೀವು ಇಡೀ ಗುಡ್ಡ ಮುಚ್ಚಿ ಅದರ ಮೇಲೆ ಬೆಂಚು ಹಾಕ್ತೀರಿ. ನಾನು ಮಾಡಿದ್ದಕ್ಕೆ ಕಳ್ಳತನ ಅಂತಾರೆ. ನೀವು ಮಾಡೋದಕ್ಕೆ ಶಾಂತಿ ಅಂತ ಯಾಕೆ ಅಂತಾರೆ?”

ಅಷ್ಟು ಹೊತ್ತು ಯಾರೂ ಬನ್ನು ಅಗಿಯದ ಸಭೆಯನ್ನು ಆ ದೇಶದಲ್ಲಿ ನಾನು ಮತ್ತೆ ನೋಡಲಿಲ್ಲ. ನಾನು ಕೂರಲಿಲ್ಲ. ಕೊನೆಗೆ ಅನ್ನಿಕಾ ತನ್ನ ನಕ್ಷೆಯನ್ನು ಸುರುಳಿ ಸುತ್ತುತ್ತ ಒಂದು ಮಾತು ಹೇಳಿದಳು. ಒಂದು ವರ್ಷ ಕಾಯುತ್ತೇವೆ. ಸೈನ್ಯವಿಲ್ಲದೆ ಆ ಇಳಿಜಾರನ್ನು ನೀವೇ ತೆರವಾಗಿಟ್ಟು ತೋರಿಸಿ. ಬರುವ ಜೂನಿನಲ್ಲಿ ನಾನೇ ಬಂದು ಎಣಿಸುತ್ತೇನೆ. ಹನ್ನೊಂದಕ್ಕಿಂತ ಒಂದಾದರೂ ಹೆಚ್ಚಿದ್ದರೆ ಮಣ್ಣಿನ ಲಾರಿ ಬರುವುದಿಲ್ಲ. ಇಲ್ಲವಾದರೆ ಬರುತ್ತದೆ.

ಏಳು ಉಳಿದಿದ್ದವು. ಹನ್ನೆರಡು ಬೇಕಿತ್ತು. ಟ್ಯಾಂಕಿನ ಬದಲು ಇದ್ದದ್ದು ಎಪ್ಪತ್ತು ದಾಟಿದ ಬೆಂಗ್ಟರ ಎರಡು ಮೊಣಕಾಲು ಮತ್ತು ನಾನು. ಗೋಥೆನ್‌ಬರ್ಗಿನ ಕನ್ನಡದವರಿಗೆಲ್ಲ ಫೋನು ಹಚ್ಚಿದೆ. ಈ ಸಲ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಬೇಡಿ, ಗುಡ್ಡಕ್ಕೆ ಬನ್ನಿ ಅಂದೆ. “ಬಾವುಟ ಹಾರಿಸೋಕಾ?” ಎಂದು ಕೇಳಿದರು. “ಹುಲ್ಲು ಕೀಳೋಕೆ” ಅಂದೆ. ಆದರೂ ಬಂದರಲ್ಲ, ನನ್ನ ಜನರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಇಪ್ಪತ್ತಮೂರು ಮಂದಿ, ಎರಡು ಪಾತ್ರೆ ಪುಳಿಯೋಗರೆ. ಮಂಗಳೂರಿನ ವಿನ್ಸೆಂಟ್ ನಮ್ಮ ನಡುವೆ ಸದಾ ಅಳೆದು ಬೆಂಗಳೂರು ಕನ್ನಡ ಆಡುವವರು. ಅವತ್ತು ಕೈಗೆ ಕತ್ತಿ ಬಂದದ್ದೇ, “ಎಂಥದು ಮಾರಾಯ್ರೇ, ಈ ಪೊದೆ ಕಡಿಯೂದಕ್ಕೆ ಇಷ್ಟು ಜನವಾ? ನೀವು ಆಚೆ ಹೋಗಿ” ಎಂದು ಊರಿನ ಭಾಷೆಗೆ ಇಳಿದುಬಿಟ್ಟರು.

ಪೊದೆ ಕಡಿದು ಹುಲ್ಲು ಕೆರೆದದ್ದಾಯಿತು. ಇನ್ನು ನೆಲದ ಚರ್ಮ ಸುಲಿಯಬೇಕು. ಗುದ್ದಲಿ ಇದ್ದದ್ದು ಮೂರೇ. ಆಗ ಪ್ರಸನ್ನನೇ, ಅಷ್ಟು ದಿನ ಗೊಣಗುತ್ತಿದ್ದ ಮಹಾರಾಯ, ಸುಣ್ಣದ ಹೆಂಟೆಯಿಂದ ಇಳಿಜಾರಿನ ಕೆಳಗೆ ಗೆರೆ ಎಳೆದು, “ಕಬಡ್ಡಿ ಆಡೋಣ, ಟೀಮ್ ಮಾಡ್ಕೊಳಿ” ಎಂದ. ಕಡ್ಡಿ ನೆಟ್ಟ ಜಾಗಕ್ಕೆ ಹಗ್ಗ ಕಟ್ಟಿ, ಉಳಿದ ಕಡೆಯೆಲ್ಲ ಬಿದ್ದು ಎದ್ದು ಹೊರಳಾಡಿದೆವು. ಸಾಫ್ಟ್‌ವೇರಿನವರೆಲ್ಲ ಸುಣ್ಣ ಬಳಿದ ಗೋಡೆಗಳಾದರು. ಮಕ್ಕಳು ಸ್ವೀಡಿಷಿನಲ್ಲಿ ಕೂಗುತ್ತ ಕನ್ನಡದ ಆಟ ಆಡಿದವು. ಬಂಕರಿನ ಮೇಲೆ ಕೂತಿದ್ದ ಬೆಂಗ್ಟ್ ಇದೇನೆಂದು ಕೇಳಿದರು. ಎದುರಾಳಿಯ ನೆಲಕ್ಕೆ ಉಸಿರು ಕಟ್ಟಿ ನುಗ್ಗಿ, ಮುಟ್ಟಿ, ಬದುಕಿ ವಾಪಸ್ ಬರಬೇಕು ಎಂದು ವಿವರಿಸಿದೆ. ಅವರು ಬಾಯಲ್ಲಿದ್ದ ಪುಳಿಯೋಗರೆ ನುಂಗಿದರು. “ಅಂತೂ ಶತ್ರು ಬಂದ” ಎಂದರು.

ಜನವರಿಯಲ್ಲಿ ಪ್ರಸನ್ನ ಆಫೀಸಿನಿಂದ ಬೇಗ ಬಂದ. ಪ್ರಾಜೆಕ್ಟ್ ಮುಚ್ಚಿದ್ದರು. “ಏಪ್ರಿಲ್‌ಗೆ ವಾಪಸ್ ಕಣೇ. ಡಿಸೈಡ್ ಆಗೋಯ್ತು.”

“ಜೂನ್ ತನಕ ಇರೋಕಾಗಲ್ವಾ?”

“ಹೂವು ಬಿಡ್ಲಿ ಅಂತ ಎಕ್ಸ್‌ಟೆನ್ಷನ್ ಕೇಳ್ಲಾ?” ಎಂದವನು ನನ್ನ ಮುಖ ನೋಡಿ ಪಕ್ಕದಲ್ಲಿ ಬಂದು ಕೂತ. “ಕೇಳ್ದೆ ಕಣೇ. ಆಗಲ್ಲ ಅಂದ್ರು” ಎಂದ. ಅವನು ನಿಜವಾಗಿಯೂ ಕೇಳಿದ್ದ.

ಆ ಹಸಿರು ಜಾಕೆಟ್ಟಿನವರ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು: ಅವರು ಕೇಳಿದಲ್ಲಿಂದ ಏಳು ತಿಂಗಳು. ನಾಚಿಕೆಯಾಯಿತು ಎಂದುಕೊಂಡಿರಾ? ಇಲ್ಲ. ಮಾರ್ಚಿನಲ್ಲಿ ನೆಲ ಸಡಿಲಾದದ್ದೇ, ಪ್ರತಿ ಶನಿವಾರ ಗುದ್ದಲಿ ಹೊತ್ತು ಹೋದೆ. ಮನೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಕೊನೆಯ ಶನಿವಾರ ಬೆಂಗ್ಟ್ ನನ್ನ ಪಕ್ಕ ನಿಂತು, “ಇದನ್ನು ನೀನು ನೋಡೋದಿಲ್ಲವಲ್ಲ, ಸುಮಾ” ಎಂದರು.

“ನೋಡೋಕೆ ಮಾಡ್ತಿಲ್ಲ. ನಾನು ಕಿತ್ತಿದ್ದು, ನಾನೇ ನೆಟ್ಟಗೆ ಮಾಡ್ಬೇಕು” ಅಂದೆ. ದನಿ ಗಟ್ಟಿಯಾಗಿಯೇ ಬಂತು. ಆಮೇಲೆ ಅಳುವೂ ಬಂತು. ಅಳುತ್ತಲೇ ಇನ್ನೂ ಅರ್ಧ ಗಂಟೆ ಅಗೆದೆ. ಅವರು ತಡೆಯಲಿಲ್ಲ, ಕರ್ಚೀಫನ್ನು ಬಂಕರಿನ ಮೇಲಿಟ್ಟು ಬೆನ್ನು ತಿರುಗಿಸಿ ನಿಂತರು.

ಜೂನಿನಲ್ಲಿ ನಾನು ಹನುಮಂತನಗರದ ಅಡುಗೆಮನೆಯಲ್ಲಿದ್ದೆ. ಮಧ್ಯಾಹ್ನ ಒಂದೂವರೆಗೆ ಫೋನು ಬಡಿದುಕೊಂಡಿತು. ಬೆಂಗ್ಟ್. ನಮಸ್ಕಾರವಿಲ್ಲ, ಕ್ಷೇಮವಿಲ್ಲ. “ಗುಡ್ಡದ ಮೇಲಿದ್ದೇನೆ. ಅನ್ನಿಕಾ ಬರೆದುಕೊಳ್ಳುತ್ತಿದ್ದಾಳೆ. ಕೇಳು” ಎಂದರು. ಕುಕ್ಕರ್ ಕೂಗಿದರೆ ಕಷ್ಟವೆಂದು ಒಲೆ ಆರಿಸಿದೆ. ಅವರು ಕೋಲೂರಿ ನಡೆಯುವ ಸದ್ದು, ಗಾಳಿ, ಏದುಸಿರು. ನಡುನಡುವೆ ಅವರ ಭಾಷೆಯ ಅಂಕಿಗಳು. ಒಂದು. ಎರಡು. ಮೂರು. ಏಳರವರೆಗೆ ತಡವಿಲ್ಲದೆ ಬಂದರು. ಅವು ಮೊದಲೇ ಇದ್ದವು.

ಇನ್ನು ಉಳಿದದ್ದು ನನ್ನ ನಾಲ್ಕು ಕಡ್ಡಿ. “ಎಂಟು” ಎಂದರು. ಸ್ವಲ್ಪ ನಡೆದು, “ಒಂಬತ್ತು”. ಮತ್ತೆ ನಡೆದರು. “ಇದು ಖಾಲಿ” ಎಂದರು. ಮತ್ತೆ ಹೆಜ್ಜೆಗಳು. “ಇದೂ ಖಾಲಿ.”

ಎರಡನ್ನು ನಾನು ಕೊಂದಿದ್ದೆ. ಒಂಬತ್ತು. ಗೋಡೆಗೆ ಒರಗಿಕೊಂಡೆ. ಫೋನಿನಲ್ಲಿ ಗಾಳಿಯೊಂದೇ ಕೇಳುತ್ತಿತ್ತು. ಲೈನ್ ಹೋಯಿತೇ ಎಂದು ಅನುಮಾನ ಬಂತು. “ಬೆಂಗ್ಟ್?” ಅಂದೆ.

“ತಡಿ. ನೀವು ಹೊರಳಾಡಿದ ಕಡೆ ಇಳೀತಿದ್ದೇನೆ. ಮೊಣಕಾಲು ನೋವು.” ಆಮೇಲೆ ಬಹಳ ಹೊತ್ತಿನ ಮೇಲೆ, ಹುಲ್ಲು ಸರಿಸುವ ಸದ್ದಿನ ಜೊತೆಗೆ, “ಹತ್ತು.” ಇನ್ನೊಂದು ಉಸಿರು. “ಹನ್ನೊಂದು. ಅದರ ಪಕ್ಕದಲ್ಲೇ ಹನ್ನೆರಡು.”

ಅನ್ನಿಕಾಳ ದನಿ ದೂರದಿಂದ ಏನೋ ಹೇಳಿತು. ಬೆಂಗ್ಟ್ ಅದನ್ನು ನನಗೆ ಮುಟ್ಟಿಸಿದರು. “ಹನ್ನೆರಡು ಬರೆದುಕೊಂಡಳು. ಅಷ್ಟು ಸಾಕು ಅಂತಿದ್ದಾಳೆ. ನಿಲ್ಲಿಸಲಾ?”

“ಬೇಡ” ಅಂದೆ. “ಇಳಿಜಾರು ಇನ್ನೂ ಮುಗಿದಿಲ್ಲ. ಎಣಿಸಿ.”